ಸೆರಾಮಿಕ್ ಕಲ್ಲಿನ ಮೇಲೆ ಕ್ಷೌರದ ಕತ್ತಿ: ನೀರು ಎಷ್ಟು, ಏಕೆ?

ಅಮೆರಿಕದ ಕೊಲರಾಡೊ ರಾಜ್ಯದ ಸ್ಪೈಡರ್ಕೋ ಕಂಪನಿ ತನ್ನ ಸೆರಾಮಿಕ್ ಸಾಣೆಕಲ್ಲುಗಳಿಗೆ ನೀರಾಗಲಿ ಎಣ್ಣೆಯಾಗಲಿ ಬೇಕಿಲ್ಲ ಎನ್ನುತ್ತದೆ. ಅಡುಗೆಮನೆಯ ಚಾಕುವಿನ ಮಟ್ಟಿಗೆ ಆ ಮಾತು ಸಾಕು. ಆದರೆ ಮುಖಕ್ಕೆ ಹಿಡಿಯುವ ಕ್ಷೌರದ ಕತ್ತಿಯನ್ನು ಅದೇ ಕಂಪನಿಯ ಅಲ್ಟ್ರಾ ಫೈನ್ (ಅತಿ ನಯವಾದ) ಕಲ್ಲಿನ ಮೇಲೆ ಮಸೆಯುವವರು ನೀರು ಬಳಸುವುದೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿಯನ್ನು ಸುಟ್ಟು ಗಟ್ಟಿಗೊಳಿಸಿದ ಈ ಕಲ್ಲು, ಜಪಾನಿನ ನೀರುಕಲ್ಲುಗಳಂತೆ ಸವೆದು ಹೊಸ ಕಣಗಳನ್ನು ಹೊರಗೆಡಹುವುದಿಲ್ಲ. ಆದ್ದರಿಂದ ಅಲಗಿನಿಂದ ಉದುರಿದ ಉಕ್ಕಿನ ಪುಡಿ ಮೇಲ್ಮೈಯಲ್ಲೇ ಕೂತು ಕಪ್ಪು ಗೆರೆಗಳಾಗುತ್ತದೆ, ಕಲ್ಲು ಮಸೆಯುವುದನ್ನು ಬಿಟ್ಟು ಜಾರತೊಡಗುತ್ತದೆ. ನೀರಿನ ಕೆಲಸ ಆ ಪುಡಿಯನ್ನು ತೇಲಿಸಿಡುವುದು. ಕಲ್ಲು ನೀರು ಕುಡಿಯುವುದಿಲ್ಲವಾದ್ದರಿಂದ ಮೊದಲೇ ನೆನೆಹಾಕಿ ಪ್ರಯೋಜನವಿಲ್ಲ.

ಕಲ್ಲು ಸಮತಟ್ಟಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ಪೆನ್ಸಿಲ್ಲಿನಿಂದ ಗೆರೆಗಳನ್ನು ಎಳೆದು, ಡೈಮಂಡ್ ಪ್ಲೇಟನ್ನು (ವಜ್ರದ ಪುಡಿ ಅಂಟಿಸಿದ ಲೋಹದ ಹಲಗೆ) ನೀರಿನೊಂದಿಗೆ ಉಜ್ಜಿದಾಗ ಎಲ್ಲ ಗೆರೆಗಳೂ ಒಟ್ಟಿಗೆ ಅಳಿಸಿಹೋಗಬೇಕು. ಕತ್ತಿಯನ್ನೂ 8000 ಗ್ರಿಟ್‌ವರೆಗಿನ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ) ಕಲ್ಲುಗಳಲ್ಲಿ ಸರಿಯಾಗಿ ಮಸೆದಿರಬೇಕು. ಬಾಯಿ ಮುಕ್ಕಾದ ಕತ್ತಿಯನ್ನು ಈ ಕಲ್ಲು ಸರಿಪಡಿಸಲಾರದು.

ಇನ್ನು ಒಂದು ಚಮಚದಷ್ಟು ನೀರನ್ನು ಕಲ್ಲಿನ ಮೇಲೆ ಹಾಕಿ ಬೆರಳಿನಿಂದ ಸವರಿ. ನೀರು ಹರಡದೆ ಹನಿಹನಿಯಾಗಿ ನಿಂತರೆ ಪಾತ್ರೆ ತೊಳೆಯುವ ದ್ರವದ ಒಂದೇ ಒಂದು ತೊಟ್ಟು ಸೇರಿಸಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಸರಿಯಾಗಿ ಕರಗದೆ ಜಿಡ್ಡು ಕಟ್ಟುವುದುಂಟು. ಅಂಥ ಊರುಗಳಲ್ಲಿ ಗಡಸುತನ ತೆಗೆಯುವ ಆರ್‌ಒ ಫಿಲ್ಟರ್‌ನ ನೀರು ಒಳ್ಳೆಯದು.

ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿ, ಬಾಯಿಯನ್ನು ಮುಂದೆ ಮಾಡಿ ತಳ್ಳಿ. 2 ಅಂಗುಲ ಅಗಲದ ಕಲ್ಲು ಅಲಗಿನ ಉದ್ದಕ್ಕಿಂತ ಕಿರಿದಾದ್ದರಿಂದ, ಬುಡದಿಂದ ಮೊನೆಯವರೆಗೆ ಓರೆಯಾಗಿ ಎಳೆಯುತ್ತಾ ಸಾಗಬೇಕು. ಕೊನೆ ಮುಟ್ಟಿದಾಗ ಕತ್ತಿಯನ್ನು ಬೆನ್ನಿನ ಮೇಲೆಯೇ ಹೊರಳಿಸಿ. ಕತ್ತಿಯ ಭಾರವೇ ಸಾಕು, ಕೈಯಿಂದ ಅದುಮಬಾರದು.

ಈ ಹಂತದಲ್ಲಿ ನೀರನ್ನೇ ಗಮನಿಸಿ, ಏಕೆಂದರೆ ಕಣ್ಣಿಗೆ ಕಾಣದ ಅಂಚಿನ ಸ್ಥಿತಿಯನ್ನು ಅದು ತೋರಿಸಿಕೊಡುತ್ತದೆ. ಬಾಯಿ ಕಲ್ಲಿಗೆ ಪೂರ್ತಿ ಕೂತಿದ್ದರೆ ಮುಂದಿನ ನೀರು ಸಣ್ಣ ಅಲೆಯಾಗಿ ಅಲಗಿನ ಮೇಲೇರುತ್ತದೆ. ಎಲ್ಲಿ ಅಂಚು ತಾಗುತ್ತಿಲ್ಲವೋ ಅಲ್ಲಿ ನೀರು ಕೆಳಗೆ ನುಸುಳಿಹೋಗುತ್ತದೆ. ನೀರು ವಿಪರೀತವಾದರೆ ಈ ಗುರುತೇ ಸಿಗುವುದಿಲ್ಲ. ತೆಳುವಾದ ಪದರ ಸಾಕೆನ್ನುವುದು ಇದಕ್ಕಾಗಿಯೇ.

ನೀರು ಬೂದುಬಣ್ಣಕ್ಕೆ ತಿರುಗಿದಾಗ ಒರೆಸಿ ಹೊಸದಾಗಿ ಹಾಕಿ. 20–30 ಸುತ್ತುಗಳ ನಂತರ ಕತ್ತಿಯನ್ನು ತೊಳೆದು ಒರೆಸಿ, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ತಿಕ್ಕಿ ಪರೀಕ್ಷಿಸಿ. ಕಲ್ಲಿನ ಮೇಲೆ ಕಪ್ಪು ಉಳಿದಿದ್ದರೆ ಪಾತ್ರೆ ತಿಕ್ಕುವ ಪುಡಿ ಮತ್ತು ಪ್ಲಾಸ್ಟಿಕ್ ಸ್ಕ್ರಬ್ಬರ್‌ನಿಂದ ಉಜ್ಜಿದರೆ ಹೋಗುತ್ತದೆ. ಕಾರ್ಬನ್ ಉಕ್ಕಿನ ಕತ್ತಿ ಬೇಗ ತುಕ್ಕು ಹಿಡಿಯುವುದರಿಂದ, ಹಿಡಿಯ ಕೀಲಿನ ಸಂದಿಯನ್ನೂ ಒಣಗಿಸಿ, ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಎತ್ತಿಡಿ.