ಗೀರು ಮುಚ್ಚಿತು ಸರಿ, ಕೋಶ ಓಡಿತೋ ಬೆಳೆಯಿತೋ?

ನನ್ನ ಪಿಎಚ್‌ಡಿ ಕೆಲಸ ಪಿಐ3ಕೆ ಅನ್ನೋ ಕಿಣ್ವದ ಮೇಲೆ. ಅದು ಎರಡು ತುಂಡುಗಳ ಜೋಡಿ. ಕೆಲಸ ಮಾಡೋದು ಪಿ110: ಕೋಶದ ಪೊರೆಯಲ್ಲಿರುವ ಪಿಐಪಿ2 ಎಂಬ ಕೊಬ್ಬಿಗೆ ಫಾಸ್ಫೇಟ್ ಅಂಟಿಸಿ ಪಿಐಪಿ3 ಮಾಡುತ್ತದೆ. ಜೊತೆಗಿರುವ ಪಿ85 ಏನನ್ನೂ ಅಂಟಿಸುವುದಿಲ್ಲ. ಅದು ಎತ್ತಿನ ಮೂಗುದಾರ ಇದ್ದ ಹಾಗೆ. ಪಿ110 ಸುಮ್ನೆ ಓಡದಂತೆ ಹಿಡಿದಿರುತ್ತದೆ. ಅದು ಬೇಗ ಹಾಳಾಗದಂತೆ ಕಾಯುವುದೂ ಪಿ85. ಹೊರಗಿಂದ ಇನ್ಸುಲಿನ್‌ನಂಥ ಸಂಕೇತ ಬಂದಾಗ ಪೊರೆಯ ಹತ್ತಿರದ ಪ್ರೋಟೀನ್‌ಗಳ ಟೈರೋಸಿನ್ ಎಂಬ ಅಮೈನೋ ಆಮ್ಲದ ಮೇಲೆ ಫಾಸ್ಫೇಟ್ ಕೂರುತ್ತದೆ. ಪಿ85 ಹೋಗಿ ಅದನ್ನು ಕಚ್ಚಿಕೊಳ್ಳುತ್ತದೆ. ಆಗ ಹಿಡಿತ ಸಡಿಲ.

ಪಿಐಪಿ3 ಹುಟ್ಟಿತೆಂದರೆ ಎರಡು ಕೆಲಸ ಶುರು. ಎಕೆಟಿ, ಎಂಟಾರ್ ಎಂಬ ಪ್ರೋಟೀನ್‌ಗಳ ಕಡೆಯಿಂದ ಬೆಳವಣಿಗೆ. ರ‍್ಯಾಕ್ ಎಂಬ ಪ್ರೋಟೀನ್ ಕಡೆಯಿಂದ ಕೋಶದ ಮುಂಭಾಗದಲ್ಲಿ ಆಕ್ಟಿನ್ ಎಂಬ ಎಳೆ ಕಟ್ಟಿಕೊಂಡು ಚಲನೆ. ತೊಡಕು ಇರೋದೇ ಇಲ್ಲಿ.

ಚಲನೆ ಅಳೆಯಲು ನಾವು ಮಾಡೋದು ಗೀರು ಪರೀಕ್ಷೆ. ತಟ್ಟೆಯ ತಳ ತುಂಬ ಕೋಶ ಹರಡಿದ ಮೇಲೆ 200 ಮೈಕ್ರೋಲೀಟರ್ ಪಿಪೆಟ್ ಟಿಪ್ ನೇರ ಹಿಡಿದು ಒಂದೇ ಏಟಿಗೆ ಗೆರೆ ಎಳೆಯಬೇಕು. ಟಿಪ್ ವಾಲಿದರೆ ಅಂಚು ಹರಿದ ಬಟ್ಟೆಯಾಗುತ್ತದೆ. ಉದುರಿದ ಕೋಶಗಳನ್ನು ಪಿಬಿಎಸ್ ಎಂಬ ಉಪ್ಪುನೀರಿನಿಂದ ಮೆಲ್ಲಗೆ ತೊಳೆದು, ತಟ್ಟೆಯ ಕೆಳಗೆ ಮಾರ್ಕರ್ ಗುರುತು ಹಾಕಿ ಫೋಟೋ. ಮರುದಿನ ಅದೇ ಜಾಗದ ಫೋಟೋ. ಜೂನಿಯರ್ ಒಬ್ಬಳು ಖುಷಿಯಿಂದ ಓಡಿ ಬಂದಳು: “ಅಕ್ಕಾ, ಗೆರಿ ಮುಚ್ಯದ ನೋಡ್ರಿ!” ಮುಚ್ಚಿದೆ, ನಿಜ. ಆದರೆ ಕೋಶಗಳು ತೆವಳಿ ಬಂದವೋ, ಅಲ್ಲೇ ಎರಡಾಗಿ ಜಾಗ ತುಂಬಿದವೋ? ಇದನ್ನು ಬೇರ್ಪಡಿಸದೆ ‘ಚಲನೆ’ ಎಂದು ಬರೆದುಬಿಡುವವರು ಜಾಸ್ತಿ. ನಾನು ಕೋಶ ಬೆಳೆಯಲು ಹಾಕುವ ಸೀರಂ 10 ಶೇಕಡದಿಂದ 1ಕ್ಕೆ ಇಳಿಸುತ್ತೇನೆ. ಒಂದು ಸಾಲಿಗೆ ಮೈಟೋಮೈಸಿನ್ ಹಾಕಿ ವಿಭಜನೆ ನಿಲ್ಲಿಸುತ್ತೇನೆ. 24 ಗಂಟೆ ದಾಟಲು ಬಿಡುವುದಿಲ್ಲ.

ಇನ್ನು ನಮ್ಮೂರ ಬಿಸಿಲು. ಕೋಶಗಳನ್ನು 37 ಡಿಗ್ರಿಯಲ್ಲಿಡುವ ಸಾಮಾನ್ಯ ಇನ್‌ಕ್ಯುಬೇಟರ್ ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 40 ಡಿಗ್ರಿ ದಾಟುತ್ತದೆ. ಕೋಣೆಯೇ 37ಕ್ಕಿಂತ ಬಿಸಿಯಾದರೆ ಪೆಟ್ಟಿಗೆ ಏನು ಮಾಡೀತು? ಅದಕ್ಕೇ ಎಸಿ ಕೆಟ್ಟ ದಿನ ಗೀರು ಎಳೆಯುವುದೇ ಇಲ್ಲ. ಒಳಗಿನ ನೀರಿನ ತಟ್ಟೆ ದಿನಾ ನೋಡಬೇಕು. ಕೋಶದ ತಟ್ಟೆಯ ಅಂಚಿನ ಗುಂಡಿಗಳಲ್ಲಿ ದ್ರವ ಮೊದಲು ಆರುತ್ತದೆ, ಅಲ್ಲಿಯ ಅಂಕಿ ನಂಬುವಂತಿಲ್ಲ.

ಎರಡು ಸ್ತನ ಕ್ಯಾನ್ಸರ್ ಕೋಶ ಜಾತಿ ಇಟ್ಟುಕೊಂಡೆ. ಎಂಸಿಎಫ್-7ನಲ್ಲಿ ಪಿ110 ಆಲ್ಫಾದ (ಪಿ110ರ ಒಂದು ಬಗೆ) 545ನೇ ಸ್ಥಾನದಲ್ಲಿ ಗ್ಲುಟಮಿಕ್ ಆಮ್ಲದ ಬದಲು ಲೈಸಿನ್. ಋಣ ವಿದ್ಯುದಂಶ ಹೋಗಿ ಧನ ವಿದ್ಯುದಂಶ ಬಂತು, ಪಿ85ರ ಹಿಡಿತ ಆ ಜಾಗದಲ್ಲೇ ತಪ್ಪಿತು. ಎಂಡಿಎ-ಎಂಬಿ-231ರಲ್ಲಿ ಈ ಬದಲಾವಣೆ ಇಲ್ಲ. ಹಾಗಾದರೆ ಎಂಸಿಎಫ್-7 ಜೋರಾಗಿ ಓಡಬೇಕು, ಅಲ್ವಾ? ಉಲ್ಟಾ. ಅದು ಒಂದಕ್ಕೊಂದು ಅಂಟಿಕೊಂಡೇ ನಿಧಾನ ಸರಿಯುತ್ತದೆ. 231 ಬಿಡಿಬಿಡಿಯಾಗಿ ಗೀರಿನೊಳಗೆ ನುಗ್ಗುತ್ತದೆ. 231ರಲ್ಲಿ ಕೆಟ್ಟಿರುವುದು ಸಂಕೇತ ಸಾಗಿಸುವ ಪ್ರೋಟೀನ್ ಕೆ-ರ‍್ಯಾಸ್. ರ‍್ಯಾಸ್ ನೇರವಾಗಿ ಪಿ110ಕ್ಕೇ ಅಂಟಿ ಅದನ್ನು ಎಬ್ಬಿಸಬಲ್ಲದು, ಬೇರೆ ದಾರಿಗಳನ್ನೂ ತೆರೆಯುತ್ತದೆ. ಆದ್ದರಿಂದ ಒಂದು ತುಂಡು ಕೆಟ್ಟಿದ್ದನ್ನು ನೋಡಿ ಓಟ ಊಹಿಸಬಾರದು ಅನ್ನೋದು ನನ್ನ ಮಾತು.

ತಡೆಯುವ ಮದ್ದಾಗಿ ಮೊದಲು ಎಲ್‌ವೈ294002 ಬಳಸಿದೆ. ಅಗ್ಗ, ಆದರೆ ಎಂಟಾರ್‌ಗೂ ಬಡಿಯುತ್ತದೆ. ಆಮೇಲೆ ಪಿ110 ಆಲ್ಫಾವನ್ನೇ ಹೆಚ್ಚಾಗಿ ಹಿಡಿಯುವ ಆಲ್ಪೆಲಿಸಿಬ್. ಅಮೆರಿಕದಲ್ಲಿ 2019ರಲ್ಲಿ ಸ್ತನ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆದ ಮದ್ದು ಅದು. ರೋಗಿಗಳಲ್ಲಿ ಸಕ್ಕರೆ ಏರಿಸುತ್ತದೆ, ಯಾಕೆಂದರೆ ಇನ್ಸುಲಿನ್ ಮಾತು ಸಾಗಿಸುವುದೂ ಇದೇ ತುಂಡು. ಎರಡೂ ಮದ್ದಿಗೆ, ಅವನ್ನು ಕರಗಿಸುವ ಡಿಎಂಎಸ್‌ಒ ಮಾತ್ರ ಹಾಕಿದ ಗುಂಡಿ ಪಕ್ಕದಲ್ಲಿ ಇರಲೇಬೇಕು. ಗೀರಿನ ಫೋಟೋ ತೆಗೆದ ದಿನವೇ ಜೊತೆಗಿಟ್ಟ ತಟ್ಟೆಯ ಕೋಶಗಳನ್ನು ಒಡೆದು ಪ್ರೋಟೀನನ್ನು ಪಟ್ಟಿಯಾಗಿ ತೋರಿಸುವ ಬ್ಲಾಟ್‌ನಲ್ಲಿ ಫಾಸ್ಫೇಟ್ ಕೂತ ಎಕೆಟಿ ನೋಡುತ್ತೇನೆ. ಆ ಪಟ್ಟಿ ಮಸುಕಾಗದಿದ್ದರೆ ಮದ್ದು ಒಳಗೆ ಕೆಲಸ ಮಾಡಿಲ್ಲ. ಆ ದಿನದ ಗೀರಿನ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.