ಪ್ರೋಗ್ರಾಮೆಬಲ್ ಡಿಸ್ಟ್ರಿಬ್ಯೂಟರ್: 3000 ಆರ್‌ಪಿಎಂನಲ್ಲಿ ಬರುತ್ತಿದ್ದ ಮಿಸ್‌ಫೈರ್ ಸರಿಹೋದದ್ದು

ಹಳೆಯ ನಾಲ್ಕು ಸಿಲಿಂಡರ್ ಎಂಜಿನ್. ಪ್ಲಗ್‌ಗಳಿಗೆ ಸರದಿಯಂತೆ ಸ್ಪಾರ್ಕ್ ಹಂಚುವ, ಅದರ ಸಮಯವನ್ನು ಪ್ರೋಗ್ರಾಂ ಮಾಡಬಹುದಾದ ಹೊಸ ಡಿಸ್ಟ್ರಿಬ್ಯೂಟರ್ ಕೂರಿಸಿದ ಮೇಲೆ 3000 ಆರ್‌ಪಿಎಂ ದಾಟಿದರೆ ಸಾಕು, ಮಿಸ್ ಹೊಡೆಯುತ್ತಿತ್ತು (ಸ್ಪಾರ್ಕ್ ತಪ್ಪುತ್ತಿತ್ತು). ಇಂಥ ಕಡೆ ಎಲ್ಲರೂ ಮೊದಲು ಕೈ ಹಾಕುವುದು ಅಡ್ವಾನ್ಸ್ ಕರ್ವ್‌ಗೆ (ಯಾವ ವೇಗದಲ್ಲಿ ಸ್ಪಾರ್ಕ್ ಎಷ್ಟು ಡಿಗ್ರಿ ಮುಂಚೆ ಬರಬೇಕು ಎಂಬ ಸೆಟ್ಟಿಂಗ್), ನೋಡಬೇಕಾದ್ದು ವೈರಿಂಗ್. ಎಂಜಿನ್ ಓಡುವಾಗ ಡಿಸ್ಟ್ರಿಬ್ಯೂಟರ್‌ಗೆ ಸಪ್ಲೈ ಕೊಡುವ ಕೆಂಪು ವೈರಿನಲ್ಲಿ ಮಲ್ಟಿಮೀಟರ್ ತೋರಿಸಿದ್ದು ಬರೀ 8 ವೋಲ್ಟ್. ಸ್ಪಾರ್ಕ್‌ಗೆ ಹೈ ವೋಲ್ಟೇಜ್ ಮಾಡುವ ಕಾಯಿಲ್‌ನ ಪ್ಲಸ್‌ನಿಂದ ಸಪ್ಲೈ ಬರುತ್ತಿತ್ತು, ಅದಕ್ಕೂ ಮುಂಚೆ ವೋಲ್ಟೇಜ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇತ್ತು. ಕೆಂಪು ವೈರನ್ನು ರೆಸಿಸ್ಟರ್‌ಗೆ ಮುಂಚೆ, ಇಗ್ನಿಷನ್ ಸ್ವಿಚ್ ಬದಿಗೆ ಕೊಟ್ಟೆ. ಕಾಯಿಲ್ ಇದ್ದ ಹಾಗೇ ಬಿಟ್ಟೆ. ತಾಮ್ರದ ಪ್ಲಗ್ ವೈರ್‌ಗಳ ಬದಲು ಸುಮಾರು 5 ಕಿಲೋಓಮ್ ಸಪ್ರೆಸರ್ ವೈರ್ ಹಾಕಿದೆ. ತಾಮ್ರದ ವೈರಿನಲ್ಲಿ ಸ್ಪಾರ್ಕ್ ಎಬ್ಬಿಸುವ ವಿದ್ಯುತ್ ಗದ್ದಲ ಒಳಗಿನ ಎಲೆಕ್ಟ್ರಾನಿಕ್ಸನ್ನೇ ಗಲಿಬಿಲಿಗೊಳಿಸುತ್ತದೆ. ಮಿಸ್ ಅಲ್ಲಿಗೆ ನಿಂತಿತು.

ಟೈಮಿಂಗ್‌ಗೆ ಒಂದನೇ ಸಿಲಿಂಡರನ್ನು ಕಂಪ್ರೆಷನ್ ಸ್ಟ್ರೋಕ್‌ನ ಟಿಡಿಸಿಗೆ (ಪಿಸ್ಟನ್ ತುತ್ತತುದಿಗೆ ಬರುವ ಜಾಗಕ್ಕೆ) ತನ್ನಿ. ಡಿಸ್ಟ್ರಿಬ್ಯೂಟರ್ ಒಳಗಿನ ರೋಟರನ್ನು ಅದು ತಿರುಗುವ ದಿಕ್ಕಿಗೆ ಎದುರಾಗಿ ಬೆರಳಿನಿಂದ ಒತ್ತಿ ಗೇರಿನ ಲೂಸ್ ತೆಗೆಯಿರಿ. ಡಿಸ್ಟ್ರಿಬ್ಯೂಟರ್ ಬಾಡಿಯನ್ನೂ ಅದೇ ಎದುರು ದಿಕ್ಕಿಗೆ ನಿಧಾನವಾಗಿ ತಿರುಗಿಸಿ, ಅದರ ಎಲ್‌ಇಡಿ ಹೊತ್ತಿದ ಜಾಗದಲ್ಲೇ ಕ್ಲ್ಯಾಂಪ್ ಬಿಗಿ ಮಾಡಿ. ಆಮೇಲೆ ಟೈಮಿಂಗ್ ನೋಡುವ ಸ್ಟ್ರೋಬ್ ಲೈಟ್‌ನಿಂದ ಕ್ರಾಸ್‌ಚೆಕ್ ಕಡ್ಡಾಯ.

ಹಳೆಯ ಮ್ಯಾನುಯಲ್ ಅಡ್ವಾನ್ಸನ್ನು ಡಿಸ್ಟ್ರಿಬ್ಯೂಟರ್ ಡಿಗ್ರಿಯಲ್ಲಿ ಕೊಟ್ಟಿದ್ದರೆ ಎರಡರಿಂದ ಗುಣಿಸಿ, ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ: ಅಲ್ಲಿಯ 11 ಎಂದರೆ ಕ್ರ್ಯಾಂಕ್‌ನಲ್ಲಿ 22, ಆರ್‌ಪಿಎಂ ಕೂಡ ಹಾಗೆಯೇ. ಕರ್ವ್‌ನಲ್ಲಿ ಐಡಲ್ 800 ಆರ್‌ಪಿಎಂಗೆ 10 ಡಿಗ್ರಿ ಇದ್ದರೆ 600ಕ್ಕೆ 13 ಇಡಿ. ವೇಗ ಬಿದ್ದಾಗ ಅಡ್ವಾನ್ಸ್ ಏರಿ ಐಡಲ್ ತಾನೇ ಮೇಲೆ ಬರುತ್ತದೆ, ಬಹಳ ಚೆನ್ನಾದ ಉಪಾಯ. ಲೋಡ್‌ನಲ್ಲಿ 2000–2500ರ ನಡುವೆ ನಾಕಿಂಗ್ (ಎಂಜಿನ್ನಿನ ಟಕಟಕ ಸದ್ದು) ಕೇಳಿದರೆ ಆ ಭಾಗದಲ್ಲಿ ಮಾತ್ರ ಅಡ್ವಾನ್ಸ್ 2 ಡಿಗ್ರಿ ಇಳಿಸಿ.