ಲ್ಯಾಕ್ಟೇಸ್ ಜೀನಿನ ನಿಯಂತ್ರಕವನ್ನು ಲ್ಯಾಪ್‌ಟಾಪಿನಲ್ಲೇ ಹುಡುಕುವುದು ಹೇಗೆ?

ಕೋಲಾರದಲ್ಲಿ ಎಂ.ಎಸ್ಸಿ. ಮಕ್ಕಳಿಗೆ ನಾನು ಮೊದಲು ಕೊಡೋದು ಎಲ್‌ಸಿಟಿ, ಅಂದರೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಲ್ಯಾಕ್ಟೇಸ್ ಕಿಣ್ವದ ಜೀನ್. ಬೆಳಗೆದ್ದು ಡೇರಿಗೆ ಹಾಲು ಹಾಕುವ ಮನೆಗಳವರೇ ಹೆಚ್ಚು. ಆದರೂ ಕೆಲವರಿಗೆ ಒಂದು ಲೋಟ ಹಾಲು ಕುಡಿದರೆ ಹೊಟ್ಟೆ ಉಬ್ಬರ, ಮೊಸರಾದರೆ ಪರವಾಗಿಲ್ಲ. ಸಾಮಾನ್ಯವಾಗಿ ಅವರ ಜೀನ್ ಕೆಟ್ಟಿರೋದಿಲ್ಲ, ಬಾಲ್ಯ ಕಳೆದಂತೆ ಅದರ ಕೆಲಸ ತಗ್ಗಿರುತ್ತದೆ. ಹಾಗಾಗಿ ಅದರ ಕೆಲಸವನ್ನು ಏರಿಳಿಸುವ ಡಿಎನ್‌ಎ ತುಣುಕನ್ನು, ಅಂದರೆ ನಿಯಂತ್ರಕವನ್ನು, ಜೀನಿನ ಆಚೆ ಹುಡುಕಬೇಕು.

ಡಿಎನ್‌ಎಯನ್ನು ನಕ್ಷೆಯಂತೆ ತೋರಿಸುವ ಯುಸಿಎಸ್‌ಸಿ ಜೀನೋಮ್ ಬ್ರೌಸರ್ ಎಂಬ ಜಾಲತಾಣ ತೆರೆಯಿರಿ. ಮನುಷ್ಯನ ಜೀನೋಮಿನ ಆವೃತ್ತಿ ಎಚ್‌ಜಿ38 ಇರಲಿ. 2ನೇ ಕ್ರೋಮೋಸೋಮಿನ 135,851,076ನೇ ಸ್ಥಾನಕ್ಕೆ ಹೋಗಿ. ದೊಡ್ಡವರಾದ ಮೇಲೂ ಲ್ಯಾಕ್ಟೇಸ್ ಉಳಿಯುವುದಕ್ಕೆ ನಂಟಿರುವ ಒಂದಕ್ಷರದ ವ್ಯತ್ಯಾಸ ಇರುವುದು ಇಲ್ಲೇ. ಹಳೆಯ ಎಚ್‌ಜಿ19ರಲ್ಲಿ ಇದೇ ಜಾಗ 136,608,646. ಆವೃತ್ತಿ ನೋಡದೆ ಸಂಖ್ಯೆ ಹಾಕಿದರೆ ಏಳೂವರೆ ಲಕ್ಷ ಡಿಎನ್‌ಎ ಅಕ್ಷರ ಆಚೆ ಇಳಿಯುತ್ತೀರಿ.

ಈಗ ಸುತ್ತ ನೋಡಿ: ನೀವಿರುವುದು ಎಂಸಿಎಂ6 ಎಂಬ ಬೇರೆಯೇ ಜೀನಿನ 13ನೇ ಇಂಟ್ರಾನಿನಲ್ಲಿ, ಅಂದರೆ ಜೀನಿನ ನಡುವೆ ಬರುವ, ಪ್ರೋಟೀನಿಗೆ ಸಂಕೇತವಿಲ್ಲದ ಭಾಗದಲ್ಲಿ. ಎಲ್‌ಸಿಟಿ ಶುರುವಾಗೋದು ಸುಮಾರು 14,000 ಅಕ್ಷರ ದೂರದಲ್ಲಿ. ನಿಯಂತ್ರಕಕ್ಕೆ ಹತ್ತಿರದ ಜೀನೇ ಅದರ ಗುರಿ ಅಂತ ಬರೆದುಬಿಡುವವರಿಗೆ ಈ ಪಾಠ ಒಂದು ಸಾಕು.

ಆಮೇಲೆ ಜೀನೋಮಿನ ಕೆಲಸದ ಭಾಗಗಳನ್ನು ಗುರುತಿಸುವ ಎನ್‌ಕೋಡ್ ಯೋಜನೆಯ ಟ್ರ್ಯಾಕುಗಳನ್ನು (ದತ್ತಾಂಶದ ಸಾಲುಗಳನ್ನು) ಹಾಕಿಕೊಳ್ಳಿ. ಡಿಎನ್‌ಏಸ್ ಅಥವಾ ಅಟ್ಯಾಕ್-ಸೀಕ್ ಪರೀಕ್ಷೆಯ ಶಿಖರ ಇದ್ದರೆ ಅಲ್ಲಿ ಕ್ರೊಮ್ಯಾಟಿನ್, ಅಂದರೆ ಪ್ರೋಟೀನಿಗೆ ಸುತ್ತಿಕೊಂಡ ಡಿಎನ್‌ಎ, ತೆರೆದಿದೆ. ಜೊತೆಗೆ ಎಚ್3ಕೆ4ಎಂಇ3 ಎಂಬ ಹಿಸ್ಟೋನ್ ಪ್ರೋಟೀನಿನ ಗುರುತು ಎತ್ತರವಿದ್ದು ಜೀನಿನ ಆರಂಭ ಅಲ್ಲೇ ಇದ್ದರೆ ಪ್ರೊಮೋಟರ್, ಅಂದರೆ ಜೀನ್ ಓದು ಶುರುವಾಗುವ ಜಾಗ. ಆ ಗುರುತು ಕಡಿಮೆಯಿದ್ದು ಎಚ್3ಕೆ27ಎಸಿ ಎಂಬ ಇನ್ನೊಂದು ಗುರುತು ಇದ್ದರೆ ಎನ್‌ಹ್ಯಾನ್ಸರ್, ಅಂದರೆ ದೂರದಿಂದ ಜೀನನ್ನು ಚುರುಕುಗೊಳಿಸುವ ತುಣುಕು, ಇರಬಹುದು. ಡಿಎನ್‌ಎಗೆ ಅಂಟುವ ಸಿಟಿಸಿಎಫ್ ಪ್ರೋಟೀನ್ ಒಂದೇ ಕಂಡರೆ ಎನ್‌ಹ್ಯಾನ್ಸರ್ ಅನ್ನಲು ಅವಸರಪಡಬೇಡಿ.

ಎಲ್ಲಕ್ಕಿಂತ ಮುಖ್ಯ ಅಂಗಾಂಶ. ಸುಲಭಕ್ಕೆ ಸಿಗುತ್ತೆ ಅಂತ ಕೆ562 ರಕ್ತಕ್ಯಾನ್ಸರ್ ಕೋಶದ ಟ್ರ್ಯಾಕ್ ಹಾಕಿ, ಅಲ್ಲಿ ಏನೂ ಕಾಣಲಿಲ್ಲ ಅಂದರೆ ಅದರಿಂದ ಏನೂ ತೀರ್ಮಾನವಾಗೋದಿಲ್ಲ. ಲ್ಯಾಕ್ಟೇಸ್ ಕೆಲಸ ಮಾಡೋದು ಸಣ್ಣಕರುಳಿನ ಒಳಪದರದಲ್ಲಿ. ಮಾದರಿಯೂ ಅಲ್ಲಿಯದೇ ಬೇಕು, ಮಗುವಿನದೋ ವಯಸ್ಕರದೋ ಅಂತಲೂ ನೋಡಬೇಕು. ಇಲಿಯಲ್ಲೂ ಅದೇ ತುಣುಕು ಉಳಿದಿದೆಯೇ ಎಂಬ ಪರೀಕ್ಷೆ ನನಗೆ ಅಷ್ಟು ರುಚಿಸದು. ಸಸ್ತನಿಗಳಲ್ಲಿ ಎನ್‌ಹ್ಯಾನ್ಸರುಗಳು ಪ್ರೊಮೋಟರುಗಳಿಗಿಂತ ಬೇಗ ಬದಲಾಗುತ್ತವೆ.

2020ರ ಎನ್‌ಕೋಡ್ ಪಟ್ಟಿಯಲ್ಲಿ ಮನುಷ್ಯನ 9,26,535 ತುಣುಕುಗಳಿದ್ದವು. ಅಷ್ಟೂ ‘ಸಂಭಾವ್ಯ’ ನಿಯಂತ್ರಕಗಳು ಮಾತ್ರ. ಸಾಬೀತಾಗಬೇಕಾದರೆ ತುಣುಕನ್ನು ಬೆಳಕು ಕೊಡುವ ಲೂಸಿಫರೇಸ್ ಕಿಣ್ವದ ಜೀನಿಗೆ ಜೋಡಿಸಿ ಕೋಶದೊಳಗೆ ಬಿಡಬೇಕು, ಇಲ್ಲವೇ ಕ್ರಿಸ್ಪರ್ ಎಂಬ ಜೀನ್ ತಂತ್ರದಿಂದ ಅದನ್ನು ಅಡಗಿಸಿ ಜೀನ್ ತಗ್ಗುತ್ತದೆಯೇ ನೋಡಬೇಕು. ನಮ್ಮ ತುಣುಕಿಗೆ ಮೊದಲನೆಯ ಪರೀಕ್ಷೆ ಕ್ಯಾಕೋ-2 ಕರುಳಕೋಶಗಳಲ್ಲಿ ಆಗಿದೆ: ಆ ಸ್ಥಾನದಲ್ಲಿ ‘ಸಿ’ಗಿಂತ ‘ಟಿ’ ಇದ್ದಾಗ ಎಲ್‌ಸಿಟಿ ಪ್ರೊಮೋಟರ್ ಹೆಚ್ಚು ಚುರುಕಾಯಿತು.

ಬ್ರೌಸರಿನಲ್ಲಿ ಮಾತ್ರ ಅದು ‘ಜಿ’, ‘ಎ’ ಅಂತ ಕಾಣುತ್ತದೆ. ಯಾಕೆಂದರೆ ಎಲ್‌ಸಿಟಿ ಡಿಎನ್‌ಎಯ ಹಿಮ್ಮುಖ ಎಳೆಯ ಮೇಲಿದೆ, ಬ್ರೌಸರ್ ತೋರಿಸೋದು ಅದರ ಎದುರಿನ ಎಳೆಯನ್ನು. ಪ್ರಯೋಗಕ್ಕೆ ಪ್ರೈಮರ್ (ಚಿಕ್ಕ ಡಿಎನ್‌ಎ ತುಣುಕು) ಆರ್ಡರ್ ಮಾಡುವ ಮುಂಚೆ ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.